ಹೊಸ್ತಿಲ ಮೇಲಿನ ಸೇರು

ಡೆನ್ಮಾರ್ಕಿನಲ್ಲಿ ಅಂತರರಾಷ್ಟ್ರೀಯ ಕಾನೂನು ಓದುತ್ತಿದ್ದ ಪ್ರಜ್ಞಾ, ಅಲ್ಲೇ ಮಾನಸಳನ್ನು ಮದುವೆಯಾಗಿ ತನ್ನೂರು ಶಿವನಿಯ ಮನೆಗೆ ಕರೆತಂದಳು. ಮನೆ ತುಂಬಿಸಿಕೊಳ್ಳಲು ಅಜ್ಜಿ ಜವರಮ್ಮ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟು ಕಾಯುತ್ತಿದ್ದಳು.

ಪ್ರಜ್ಞಾಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ನಮ್ಮ ಮದುವೆ ಅಲ್ಲಿಗಷ್ಟೇ ಕಣಜ್ಜಿ. ಒಂದೊಂದು ದೇಶಕ್ಕೂ ಅದರದೇ ಕಾನೂನು. ಅದನ್ನ ಸಾರ್ವಭೌಮತ್ವ ಅಂತಾರೆ. ಗಡಿ ದಾಟಿದ್ಮೇಲೆ ಇಲ್ಲಿನ ಸರ್ಕಾರಕ್ಕೆ ನಾವು ಬರೀ ಫ್ರೆಂಡ್ಸ್.”

ಜವರಮ್ಮ ಜಗಲಿಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಗಂಡ ಪುಟ್ಟಯ್ಯನ ಕಡೆ ಕೈ ತೋರಿಸಿದಳು.

“ಇವ್ರನ್ನ ಕಟ್ಕೊಂಡಾಗ ಈ ಊರು ತರೀಕೆರೆ ತಾಲ್ಲೂಕು. ಆಮೇಲೆ ಸರ್ಕಾರದೋರು ಗಡಿ ಬದಲಾಯ್ಸಿ ಅಜ್ಜಂಪುರಕ್ಕೆ ಸೇರ್ಸಿದ್ರು. ಹಂಗಂತ ಇವ್ರು ನಂಗೆ ಬರೀ ಫ್ರೆಂಡಾಗ್ಬಿಟ್ರಾ?”

“ಹಂಗೂ ಆಗ್ಬೋದು ಅಂತ ನಂಗ್ಯಾರೂ ಹೇಳ್ಲಿಲ್ಲ,” ಎಂದ ಪುಟ್ಟಯ್ಯ.

ಜವರಮ್ಮ ಅವನತ್ತ ತಿರುಗಲಿಲ್ಲ.

“ಬಲಗಾಲಲ್ಲಿ ಒದಿಯವ್ವ,” ಎಂದಳು ಮಾನಸಳಿಗೆ.