ಹದಿನಾಲ್ಕು ಮಿಲಿಮೀಟರ್

ತಗಡು ಮೇಸ್ತ್ರಿಯ ಅಕ್ಕನ ಮನೆಯ ನಡುಮನೆಯಲ್ಲಿ ಒಂದು ಕಾರು ನಿಂತು ಹನ್ನೊಂದು ವರ್ಷವಾಗಿತ್ತು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತಂಥ ಸ್ಪೋರ್ಟ್ಸ್ ಕಾರು. ಭಾವ ಅದನ್ನು ಕೊಂಡು ತಂದದ್ದಲ್ಲ. ಕಬ್ಬಿಣದ ಕೊಳವೆಗಳನ್ನು ಬೆಸೆದು ಅಡಿಯ ಚೌಕಟ್ಟು, ಅಂದರೆ ಚಾಸಿ, ಮಾಡಿ, ಅಪಘಾತವಾದ ಯಾವುದೋ ಗಾಡಿಯ ಎಂಜಿನ್ ತಂದು ಕೂರಿಸಿ, ಅಲ್ಯೂಮಿನಿಯಂ ತಗಡನ್ನು ಮರದ ಅಚ್ಚಿನ ಮೇಲೆ ಬಡಿದು ಬಡಿದು ಮೈ ಕಟ್ಟುತ್ತಿದ್ದರು. ಅದಕ್ಕೆಂದೇ ಮುಂದಿನ ಗೋಡೆ ಒಡೆಸಿ ಹಲಗೆಯ ಬಾಗಿಲು ಹಾಕಿಸಿದ್ದರು. ನೆಂಟರಿಗೆ ಕೂರಲು ಜಾಗವಿಲ್ಲದೆ ಅಕ್ಕ ಅವರನ್ನು ಕಾರಿನ ಸೀಟಿನಲ್ಲೇ ಕೂರಿಸಿ ಕಾಫಿ ಕೊಡುತ್ತಿದ್ದಳು. ಮೊದಮೊದಲು ಅದೊಂದು ತಮಾಷೆಯಾಗಿತ್ತು. ಆಮೇಲೆ ನೆಂಟರು ಬರುವುದೇ ಕಡಿಮೆಯಾಯಿತು.

ಭಾವನ ಹೊಟ್ಟೆಪಾಡು ಹಲ್ಲಿನ ಸೆಟ್ಟು ಮಾಡುವುದು. ಊರಿನ ದಂತವೈದ್ಯರೆಲ್ಲ ಬಾಯಿಯ ಅಚ್ಚು ತೆಗೆದು ಅವರ ಲ್ಯಾಬಿಗೇ ಕಳಿಸುತ್ತಿದ್ದರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಒಪ್ಪುವ ಆಸಾಮಿಯಲ್ಲ; ಮನಸ್ಸಿಗೆ ಬಾರದ ಸೆಟ್ಟನ್ನು ತಾವೇ ಸುತ್ತಿಗೆಯಲ್ಲಿ ಕುಟ್ಟಿ ಬುಟ್ಟಿಗೆ ಹಾಕುತ್ತಿದ್ದರು. ಸಂಜೆ ಮನೆಗೆ ಬಂದರೆ ಕಾರು. ರಜೆಯ ದಿನವೂ ಕಾರು.

ಅಕ್ಕನ ಈ ತಮ್ಮನಿಗೆ ತಗಡಿನದೇ ಕಸುಬು. ಊರಾಚೆಯ ರಸ್ತೆಯಲ್ಲಿ ಅವನದೊಂದು ಶೆಡ್ಡು. ಗುದ್ದಿಸಿಕೊಂಡು ಬಂದ ವ್ಯಾನು, ಬಸ್ಸು, ಕಾರುಗಳ ತಗ್ಗು ಎತ್ತಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕಳಿಸುವುದು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಎಲ್ಲರೂ ಅವನನ್ನು ತಗಡು ಮೇಸ್ತ್ರಿ ಎಂದೇ ಕರೆಯುತ್ತಿದ್ದರು, ಭಾವ ಕೂಡ. ತಗಡಿನ ವಿಷಯದಲ್ಲಿ ಭಾವನಿಗೆ ಅವನ ಮಾತೇ ಕೊನೆಯ ಮಾತು.

ಆ ಮಳೆಗಾಲದಲ್ಲಿ ಅಕ್ಕ ಕಾರಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಅಡುಗೆಮನೆಗೆ ಹೋಗುತ್ತ ಸೈಲೆನ್ಸರಿಗೆ ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಭಾವ ಮೊದಲು ನೋಡಿದ್ದು ಸೈಲೆನ್ಸರನ್ನೋ ಹೆಂಡತಿಯನ್ನೋ ಎಂಬುದರ ಬಗ್ಗೆ ಗಂಡಹೆಂಡಿರಲ್ಲಿ ಇನ್ನೂ ಒಮ್ಮತವಿರಲಿಲ್ಲ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅಕ್ಕ ಸೀದಾ ತಮ್ಮನ ಶೆಡ್ಡಿಗೆ ಬಂದಳು. ಹೇಳಿ ಸಾಕಾಗಿದೆ, ಅತ್ತು ಸಾಕಾಗಿದೆ, ಇನ್ನು ತನ್ನಿಂದಾಗದು ಅಂದಳು.

“ಕೊಂಡ್ಕೊಳ್ತೀನಿ ಅಂತ ಬಾ. ನೋಡಿ ಏನಾದ್ರೂ ತಪ್ಪು ತೋರಿಸು. ಇದು ಮುಗಿಯೋ ಗಾಡಿ ಅಲ್ಲ ಅಂತ ಅವರಿಗೇ ಅನ್ನಿಸ್ಬೇಕು. ನೀನು ಹೇಳಿದ್ರೆ ಕೇಳ್ತಾರೆ.”

ಮೇಸ್ತ್ರಿ ಆಗಲಿ ಅಂದ. ತಪ್ಪು ಹುಡುಕುವುದೇನು ಕಷ್ಟ ಎಂದೇ ಅವನ ಎಣಿಕೆ. ಹಲ್ಲು ಮಾಡುವವನು ಕಾರು ಮಾಡಿದರೆ ಹೇಗಿದ್ದೀತು? ಐದಾರು ವರ್ಷದಿಂದ ಅವನು ಆ ಕಾರನ್ನು ಹೊದಿಕೆಯ ಅಡಿಯಲ್ಲಿ ಬಿಟ್ಟರೆ ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಹೋದ. ಮೈದುನ ಕಾರು ಕೊಳ್ಳುವ ಮಾತೆತ್ತಿದ್ದಾನೆಂದು ಕೇಳಿ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾದಿದ್ದರು. ಮಾರುವ ಮನಸ್ಸು ಅವರಿಗೂ ಸ್ವಲ್ಪ ಬಂದಿತ್ತು. ಅಕ್ಕನ ಪ್ಲಾಸ್ಟರ್ ದಿನಾ ಕಣ್ಣಿಗೆ ಬೀಳುತ್ತಿತ್ತಲ್ಲ. ದುಡ್ಡಿನ ಮಾತನ್ನೇ ಅವರು ಆಡಲಿಲ್ಲ. ಮುಗಿಸುವವರ ಕೈಗೆ ಹೋದರೆ ಸಾಕು ಎಂದಷ್ಟೇ ಹೇಳಿ ಹೊದಿಕೆ ಎಳೆದರು.

ಮೇಸ್ತ್ರಿ ಹತ್ತಿರ ಹೋಗಿ ಬಗ್ಗಿ ನೋಡಿದ. ಬಣ್ಣ ಕಾಣದ ಬರಿ ಲೋಹ, ಹಲಗೆಯ ಸಂದಿನಿಂದ ಬಂದ ಬೆಳಕನ್ನು ಒಂದು ಕಡೆಯೂ ಮುರಿಯದೆ ಮುಂದಿನ ಚಕ್ರದಿಂದ ಬಾಲದವರೆಗೆ ಹರಿಸಿಕೊಂಡು ನಿಂತಿತ್ತು. ಅವನು ಕಣ್ಣು ಮುಚ್ಚಿ ಅಂಗೈ ಸವರಿದ. ತಗ್ಗಿಲ್ಲ, ಉಬ್ಬಿಲ್ಲ. ಬೆಸುಗೆ ಎಲ್ಲಿ ಎಂದು ಉಗುರಿನಿಂದ ಹುಡುಕಿದ, ಸಿಗಲಿಲ್ಲ. ಎಂಜಿನ್ನಿನ ತಂತಿಗಳೂ ಕಂಟ್ರೋಲ್ ಕೇಬಲ್ಲುಗಳೂ ಬಾಕಿ, ಗಾಜು ಬಾಕಿ, ಬಣ್ಣ ಬಾಕಿ. ಮೂರು ತಿಂಗಳ ಕೆಲಸ. ಅಷ್ಟೇ ಉಳಿದಿತ್ತು.

ಆಗ ಅವನಿಗೆ ಆದದ್ದನ್ನು ಸಂತೋಷವೆನ್ನಲಾಗದು. ಇಪ್ಪತ್ತಾರು ವರ್ಷ ಬಡಿದರೂ ಅವನು ತನ್ನದೆನ್ನುವ ಒಂದೇ ಒಂದು ಆಕಾರವನ್ನು ಮಾಡಿರಲಿಲ್ಲ. ಬೇರೆಯವರು ಕೆಡಿಸಿದ್ದನ್ನು ಇದ್ದಂತೆ ಮಾಡಿದ್ದ, ಅದೂ ಅರ್ಧ ಪುಟ್ಟಿಯಲ್ಲಿ. ಇದು ತನಗೆ ಬೇಕು ಅನ್ನಿಸಿತು. ತನ್ನ ಶೆಡ್ಡಿನ ಮುಂದೆ, ಕೆಂಪು ಬಣ್ಣ ಹೊಡೆದು, ಇದು ಮೇಸ್ತ್ರಿಯ ಕೈಕೆಲಸವಂತೆ ಎಂದು ರಸ್ತೆಯವರು ನಿಂತು ನೋಡುವ ಹಾಗೆ. ಚೆನ್ನಾಗಿದೆ ಎಂದು ಒಂದು ಮಾತು ಹೇಳಿದರೆ ಭಾವ ಮಾರುವ ಮನಸ್ಸು ಬಿಟ್ಟು ನಾಳೆಯಿಂದಲೇ ಮತ್ತೆ ಸುತ್ತಿಗೆ ಹಿಡಿಯುತ್ತಾರೆ. ಮಾರಿದರೂ ಇದು ಭಾವನ ಕಾರೆಂದೇ ಹೆಸರಾಗುತ್ತದೆ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು ಅವನನ್ನೇ ನೋಡುತ್ತಿದ್ದಳು.

ಮೈ ಇರಲಿ, ಚಾಸಿ ನೋಡೋಣ ಎಂದು ಅವನು ಅಳತೆಪಟ್ಟಿ ತೆಗೆದ. ಚಾಸಿ ನೆಟ್ಟಗಿದ್ದರೆ ಮುಂದಿನ ಎಡಮೂಲೆಯಿಂದ ಹಿಂದಿನ ಬಲಮೂಲೆಗೂ, ಮುಂದಿನ ಬಲದಿಂದ ಹಿಂದಿನ ಎಡಕ್ಕೂ ಒಂದೇ ಅಳತೆ ಬರಬೇಕು. ಭಾವ ಹಿಂದೆ ಕೂತು ಓದಿದರು. ಮೇಸ್ತ್ರಿ ಮುಂದೆ ಕೂತು ಪಟ್ಟಿಯ ತುದಿ ಹಿಡಿದ. ಮೊದಲ ಸಲ ಸರಿಯಾಗಿಯೇ ಹಿಡಿದ. ಎರಡನೆಯ ಸಲ ತುದಿಯನ್ನು ಹೆಬ್ಬೆರಳಿನ ಅಡಿಯಲ್ಲಿ ಒಂದು ಬೆರಳಗಲ ಆಚೆ ಸರಿಸಿ ಒತ್ತಿಕೊಂಡ.

ಹಿಂದೆ ಭಾವ ಪಟ್ಟಿಯ ಮೇಲೆ ಬಗ್ಗಿ ಎರಡು ಸಲ ಓದಿಕೊಂಡರು. ಆಮೇಲೆ ಮೆಲ್ಲಗೆ, “ಹದಿನಾಲ್ಕು ಮಿಲಿಮೀಟರ್ ವ್ಯತ್ಯಾಸ ಬರ್ತಿದೆ,” ಅಂದರು.

“ಚಾಸಿನೇ ತಿರುಚಿದೆ ಭಾವ. ಮೊದಲನೇ ವರ್ಷದ ಬೆಸುಗೆಯಲ್ಲೇ ಆಗಿರ್ಬೇಕು. ಅದರ ಮೇಲೆ ಕಟ್ಟಿದ್ದೆಲ್ಲ ಹಾಗೇ ಹೋಗಿದೆ. ನೂರರ ವೇಗದಲ್ಲಿ ತಿರುವು ಬಂದ್ರೆ ಇದು ನೆಟ್ಟಗೆ ಹೋಗಿ ಮರಕ್ಕೆ ಗುದ್ದುತ್ತದೆ.”

ಭಾವ ನೆಲದಿಂದ ಏಳಲಿಲ್ಲ. ಹೋದ ತಿಂಗಳು ಒಂದು ಸೆಟ್ಟು ವಾಪಸು ಬಂದಿತ್ತು ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು. ಒಬ್ಬ ಮುದುಕಿಗೆ ಅದು ದವಡೆಯಲ್ಲಿ ಒತ್ತುತ್ತಿತ್ತಂತೆ. ಮೇಸ್ತ್ರಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗುಜರಿ ಲೆಕ್ಕಕ್ಕಾದರೂ ತಾನೇ ಒಯ್ಯುತ್ತೇನೆ, ನಿಮಗೇಕೆ ಸಾಗಿಸುವ ತಾಪತ್ರಯ ಎಂದು ದೊಡ್ಡ ಮನಸ್ಸಿನವನ ಹಾಗೆ ಹೇಳಿದ. ಭಾವ ಬುಧವಾರ ಬಾ ಅಂದರು. ಹೊರಡುವಾಗ ಅಕ್ಕ ತಮ್ಮನ ಬೆನ್ನು ತಟ್ಟಿದಳು.

ಎರಡು ದಿನ ಮೇಸ್ತ್ರಿಯ ಕಾಲು ನೆಲಕ್ಕೆ ತಾಗಲಿಲ್ಲ. ಶೆಡ್ಡಿನ ಒಂದು ಮೂಲೆ ಗುಡಿಸಿ ಖಾಲಿ ಮಾಡಿಸಿದ. ಬಣ್ಣದ ಅಂಗಡಿಗೆ ಹೋಗಿ ಮೂರು ಬಗೆಯ ಕೆಂಪು ನೋಡಿ ಬಂದ. ಬುಧವಾರ ಮಧ್ಯಾಹ್ನ ಗಾಡಿ ಹೊರುವ ಟ್ರಕ್ಕು ತೆಗೆದುಕೊಂಡು ಅಕ್ಕನ ಮನೆಯ ಮುಂದೆ ನಿಲ್ಲಿಸಿದ.

ಹಲಗೆ ಬಾಗಿಲು ಪೂರ್ತಿ ತೆರೆದಿತ್ತು. ನಡುಮನೆ ವಿಶಾಲವಾಗಿ ಕಾಣುತ್ತಿತ್ತು. ಕಾರು ಇರಲಿಲ್ಲ. ಗೋಡೆಯ ಪಕ್ಕ ಅಲ್ಯೂಮಿನಿಯಂ ತಗಡಿನ ತುಂಡುಗಳು, ಒಂದೊಂದೂ ಅಡಿಯುದ್ದ ಅಡಿಯಗಲ, ಮಡಚಿಟ್ಟ ಬಟ್ಟೆಯಂತೆ ಒಂದರ ಮೇಲೊಂದು. ಅದರ ಪಕ್ಕ ಕೊಳವೆಯ ತುಂಡುಗಳು, ದಾರದಿಂದ ಕಟ್ಟಿದ್ದು. ಎಂಜಿನ್ ಒಂದು ಗೋಣಿಯ ಮೇಲೆ. ಭಾವ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಲೋಹ ಕತ್ತರಿಸಿದ ಗ್ರೈಂಡರಿನ ಧೂಳನ್ನು ಗುಡಿಸುತ್ತಿದ್ದರು. ಕೂದಲೆಲ್ಲ ಬೂದಿ ಬಣ್ಣವಾಗಿತ್ತು.

ಮೇಸ್ತ್ರಿ ಹೊಸ್ತಿಲಲ್ಲೇ ನಿಂತುಬಿಟ್ಟ.

“ಹೊರೋಕೆ ಸುಲಭ ಆಗ್ಲಿ ಅಂತ ಕತ್ತರಿಸಿಟ್ಟೆ,” ಅಂದರು ಭಾವ. “ಇಡಿಯಾಗಿ ಕೊಟ್ಟಿದ್ರೆ ನೀನು ನನ್ನ ಮುಖ ನೋಡಿ ಹೇಗೋ ರಿಪೇರಿ ಮಾಡ್ತಿದ್ದೆ. ಆಮೇಲೆ ಯಾರೋ ಒಬ್ಬ ಅದರಲ್ಲಿ ಕೂತ್ಕೊಂಡು ಸಾಯೋನು. ನನ್ನ ತಪ್ಪಿಗೆ ಇನ್ನೊಬ್ಬ ಯಾಕೆ?”

ಮತ್ತೊಮ್ಮೆ ಅಳೆದು ನೋಡಬಹುದಿತ್ತಲ್ಲ ಎಂಬ ಮಾತು ಮೇಸ್ತ್ರಿಯ ಬಾಯಿಂದ ಜಾರಿಬಿಟ್ಟಿತು. ಪೊರಕೆ ನಿಂತಿತು.

“ಅಳೆದೆ. ಪಟ್ಟಿ ತುದಿಗೆ ಕ್ಲಾಂಪ್ ಹಾಕಿ ಒಬ್ಬನೇ ನಾಲ್ಕು ಸಲ ಅಳೆದೆ. ನಾಲ್ಕು ಸಲವೂ ಸರಿಯಾಗೇ ಬಂತು. ಆಗ್ಲೇ ಗೊತ್ತಾಗಿದ್ದು, ನನಗೆ ಬೇಕಾದ್ದೇ ನನಗೆ ಕಾಣ್ತಿದೆ ಅಂತ. ನೀನು ಎದುರಿಗಿದ್ದಾಗ ಮಾತ್ರ ನಿಜ ಓದಿದೀನಿ.”

 ಪಟ್ಟಿ ಸರಿಸಿದ್ದು ತಾನೆಂಬ ಮಾತು ಮೇಸ್ತ್ರಿಯ ನಾಲಿಗೆಯ ತುದಿಯಲ್ಲೇ ಇತ್ತು, ಒಂದೇ ವಾಕ್ಯ. ಆಡಲಿಲ್ಲ. ಆಡಿದರೆ ಇಷ್ಟು ತುಂಡುಗಳ ಎದುರಿಗೆ ನಿಂತು ಆಡಬೇಕಿತ್ತು. ತಗಡನ್ನು ತಾನೇ ಟ್ರಕ್ಕಿಗೆ ಹೊತ್ತ. ಮುಂದಿನ ಚಕ್ರದ ಮೇಲಿನ ಬಾಗು ಮೂರು ತುಂಡಾಗಿತ್ತು. ಅದನ್ನು ಎತ್ತುವಾಗ ಭಾವನ ಮೇಲೆ ಅವನಿಗೆ ಕೆಟ್ಟ ಸಿಟ್ಟು ಬಂತು. ಯಾರನ್ನು ಕೇಳಿ ತನ್ನ ವಸ್ತುವನ್ನು ಕತ್ತರಿಸಿದ ಈ ಮನುಷ್ಯ ಎಂಬಂತೆ.

ಮರುವಾರ ಭಾವ ಲ್ಯಾಬು ಮುಚ್ಚಿದರು. ಒಪ್ಪಿಕೊಂಡಿದ್ದ ಅಚ್ಚುಗಳನ್ನೆಲ್ಲ ವೈದ್ಯರಿಗೆ ಹಿಂದಿರುಗಿಸಿ, ನನ್ನ ಕಣ್ಣನ್ನು ನಂಬಬೇಡಿ ಎಂದು ಹೇಳಿ ಬಂದರು. ಕಣ್ಣಿನ ಡಾಕ್ಟರು ದೃಷ್ಟಿ ಚೆನ್ನಾಗಿಯೇ ಇದೆ ಎಂದು ಬರೆದುಕೊಟ್ಟರೂ ನಂಬಲಿಲ್ಲ. ತೊಂದರೆ ಕಣ್ಣಿನಲ್ಲಲ್ಲ, ಅದರ ಹಿಂದೆ ಎಂದರು. ಖಾಲಿಯಾದ ನಡುಮನೆಗೆ ಅಕ್ಕ ಒಂದು ಸೋಫಾ ತರಿಸಿದಳು. ಭಾವ ಬೆಳಗಿನಿಂದ ಸಂಜೆಯವರೆಗೆ ಅದರ ತುದಿಯಲ್ಲಿ, ಬಂದ ನೆಂಟರ ಹಾಗೆ ಕೂತಿರುತ್ತಿದ್ದರು.

ತಿಂಗಳ ಮೇಲೆ ಅಕ್ಕ ಮತ್ತೆ ಶೆಡ್ಡಿಗೆ ಬಂದಳು. ಪ್ಲಾಸ್ಟರ್ ಬಿಚ್ಚಿದ್ದ ಕೈ ಸಣ್ಣಗಾಗಿತ್ತು.

“ನಿಜವಾಗ್ಲೂ ತಿರುಚಿತ್ತಾ ಅದು?”

“ನೀನೇ ತಾನೆ ತಪ್ಪು ತೋರಿಸು ಅಂದಿದ್ದು?”

ಅಕ್ಕ ಹಳೆಯ ಟೈರಿನ ಮೇಲೆ ಕೂತಳು. ಮನೆಗೆ ಹೋಗಿ ಹೇಳಿಬಿಡುತ್ತೇನೆ ಅಂದಳು. ಹೇಳು ಎಂದ ಮೇಸ್ತ್ರಿ: ಸರಿಯಾಗಿದ್ದ ಕಾರನ್ನು ನೀವೇ ತುಂಡು ಮಾಡಿದಿರಿ, ಮಾಡಿಸಿದವಳು ನಾನು, ಇಷ್ಟನ್ನೂ ಸೇರಿಸಿ ಹೇಳು. ಆ ಮನುಷ್ಯ ಆಮೇಲೆ ಉಳಿದಾನೇ ಎಂದು ಯೋಚಿಸಿ ಹೇಳು. ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕೊನೆಗೆ, ಮನೆಯಲ್ಲಿ ಸುಮ್ಮನೆ ಕೂತು ಅವರಿಗೆ ಹುಚ್ಚು ಹಿಡಿದೀತು, ನಿನ್ನಲ್ಲೇ ಏನಾದರೂ ಕೆಲಸ ಕೊಡು ಎಂದು ಕೇಳಿ ಎದ್ದುಹೋದಳು. ಆ ದಿನದ ನಂತರ ಅಕ್ಕತಮ್ಮಂದಿರು ಒಬ್ಬರ ಮುಖ ಒಬ್ಬರು ನೆಟ್ಟಗೆ ನೋಡಲಿಲ್ಲ.

ಭಾವ ಬಂದರು. ಅಳತೆಯ ಕೆಲಸ ಬೇಡ ಎಂದು ಅವರೇ ಕೇಳಿಕೊಂಡರು. ಬಣ್ಣ ಹೊಡೆಯುವ ಮುಂಚೆ ಗಾಡಿಗಳ ಗಾಜಿಗೆ ಹಳೆಯ ಪೇಪರು ಅಂಟಿಸುವುದು ಅವರ ಪಾಲಿಗೆ ಬಂತು. ಅದನ್ನೂ ಎರಡೆರಡು ಸಲ ಕೇಳಿಕೊಂಡೇ ಅಂಟಿಸುತ್ತಿದ್ದರು.

ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಇಬ್ಬರೇ ಇದ್ದಾಗ ಮೇಸ್ತ್ರಿಗೆ ಏನನ್ನಿಸಿತೋ, “ಭಾವ, ಆ ಕಾರಿನ ವಿಷಯ,” ಎಂದು ಶುರುಮಾಡಿದ.

ಭಾವ ಅವನ ಮೊಣಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. “ಅದನ್ನೇ ಹೇಳ್ಬೇಕು ಅಂತಿದ್ದೆ. ನೀನು ಅವತ್ತು ಮುಲಾಜಿಗೆ ಸುಳ್ಳು ಹೇಳಿದ್ದಿದ್ರೆ ನಾನು ಇನ್ನೂ ಎಷ್ಟು ಜನರ ಬಾಯಿ ಕೆಡಿಸ್ತಿದ್ದೆನೋ. ಯಾರೂ ಅಷ್ಟು ಧೈರ್ಯವಾಗಿ ಹೇಳ್ತಿರ್ಲಿಲ್ಲ.”

ಮೇಸ್ತ್ರಿಯ ಎದೆ ಹಗುರಾಯಿತು. ಅದು ಹಗುರಾದದ್ದು ಅವನಿಗೂ ಗೊತ್ತಾಯಿತು. ಇರಲಿ ಬಿಡಿ ಎಂದು ಕೈ ಬಿಡಿಸಿಕೊಂಡು, ಬಾಗಿಲಲ್ಲಿ ನಿಂತ ಬಸ್ಸು ಸಂಜೆಯೊಳಗೆ ಹೋಗಬೇಕು, ಹಿಂದಿನ ಗಾಜು ಇನ್ನೂ ಬಾಕಿಯಿದೆ ಅಂದ. ಭಾವ ಕಣ್ಣೊರೆಸಿಕೊಂಡು ಪೇಪರಿನ ಕಟ್ಟು ಎತ್ತಿಕೊಂಡು ಹೋದರು.