ಅಡುಗೆಮನೆಯ ಎರಡಿಂಚು

ವಿಮಾ ಕಂಪನಿಯ ಸರ್ವೇಯರ್ ಹೊಸ ಮನೆಯ ಮೆಟ್ಟಿಲ ಪಕ್ಕ ಕೂತು, ನೀರು ತುಂಬಿದ ಉದ್ದನೆಯ ಪೈಪಿನ ತುದಿಯನ್ನು ಪಾಯದ ಗೋಡೆಗೆ ಹಿಡಿದಳು. ಇನ್ನೊಂದು ತುದಿ ಪಕ್ಕದ ಹಿಟ್ಟಿನ ಗಿರಣಿಯ ಹತ್ತಿರ, ಮನೆ ಕಟ್ಟಿದ ಮೇಸ್ತ್ರಿಯ ಕೈಯಲ್ಲಿತ್ತು. ಎರಡು ವರ್ಷದ ಹಿಂದೆ ಹೊಳೆ ಎಲ್ಲಿಯವರೆಗೆ ಏರಿತ್ತೋ ಅಲ್ಲಿಗೆ ಗಿರಣಿಯ ಗೋಡೆಯಲ್ಲಿ ಕೆಂಪು ಗೆರೆ ಎಳೆದಿದ್ದರು.

"ನೀರು ಗೆರೆಗೆ ಸರಿಯಾಯ್ತಾ?"

"ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ ಮೇಡಂ."

ಅವಳ ಕಡೆ ಪೈಪಿನಲ್ಲಿ ನೀರು ನಿಂತ ಮಟ್ಟದಿಂದ ಮುಂದಿನ ಹಾಲಿನ ನೆಲಕ್ಕೆ ಇಪ್ಪತ್ತೇಳು ಇಂಚು. ಕಂಪನಿಯ ನಿಯಮದ ಪ್ರಕಾರ ಪ್ರತಿ ಕೋಣೆಯ ನೆಲವೂ ನೆರೆಯ ಗುರುತಿಗಿಂತ ಇಪ್ಪತ್ನಾಲ್ಕು ಇಂಚಾದರೂ ಮೇಲಿರಬೇಕು. ಇಲ್ಲದಿದ್ದರೆ ನೆರೆಗೆ ವಿಮೆ ಇಲ್ಲ.

"ಉಳಿದ ಕೋಣೆಗಳೂ ಇದೇ ಮಟ್ಟ ತಾನೇ?"

"ಹೂಂ," ಎಂದ ಮೇಸ್ತ್ರಿ.

ಬಾಗಿಲಲ್ಲಿ ನಿಂತಿದ್ದ ಮನೆಯೊಡತಿ ಅವನ ತಂಗಿ, ದರ್ಜಿ. ಹಳೆಯ ಮನೆ ಅದೇ ನೆರೆಯಲ್ಲಿ, ಎರಡು ಹೊಲಿಗೆ ಯಂತ್ರಗಳ ಸಮೇತ ಹೋಗಿತ್ತು. ಆಗ ವಿಮೆ ಇರಲಿಲ್ಲ. ಮಳೆಗಾಲಕ್ಕೆ ಇನ್ನು ಮೂರು ವಾರ.

"ಅಡುಗೆಮನೆ ಐದಿಂಚು ತಗ್ಗಿದೆ," ಎಂದಳು ತಂಗಿ.

ಮೇಸ್ತ್ರಿ ಕಣ್ಣು ಕೆಕ್ಕರಿಸಿದ. ನೆಲ ತೊಳೆದ ನೀರು ಹಾಲಿಗೆ ಹರಿಯಬಾರದೆಂದು ಮೂವತ್ತು ವರ್ಷಗಳಿಂದ ಅವನು ಅಡುಗೆಮನೆಗಳನ್ನು ತಗ್ಗಿಸಿಯೇ ಕಟ್ಟುತ್ತಿದ್ದ. ಯಾರನ್ನೂ ಕೇಳಿದ್ದಿಲ್ಲ.

ಸರ್ವೇಯರ್ ಒಳಗೆ ಹೋಗಿ ಟೇಪ್ ಹಿಡಿದಳು. "ಇಪ್ಪತ್ತೆರಡೇ ಆಗುತ್ತೆ. ಎರಡಿಂಚು ಕಮ್ಮಿ. ಸರಿಮಾಡಿ ಫೋನ್ ಮಾಡಿ, ಮತ್ತೆ ಬರ್ತೀನಿ."

ಅವಳು ಹೋದದ್ದೇ ತಡ, ಅಣ್ಣ ಶುರುಮಾಡಿದ. "ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನೀರು ಬಂದ್ಮೇಲೆ ಇನ್ನೊಬ್ಬರು ಟೇಪ್ ಹಿಡ್ಕೊಂಡು ಬರ್ತಾರಲ್ಲ, ಅವರಿಗೆ ಕಣ್ಣಿರಲ್ವಾ? ಪಾಲಿಸಿ ಇದ್ದೂ ಇಲ್ಲದ ಹಾಗಾಗುತ್ತೆ."

"ಹಾಗಾದ್ರೆ ನೆಲ ಒಡೀಲಾ?"

"ಯಾಕೆ ಒಡೀತೀಯ? ಮೇಲೆ ಮೂರಿಂಚು ಹಾಕು. ಆಗಲೂ ಹಾಲಿಗಿಂತ ಎರಡಿಂಚು ತಗ್ಗೇ ಇರುತ್ತೆ. ನಿನ್ನ ಶಾಸ್ತ್ರಕ್ಕೆ ಭಂಗ ಬರಲ್ಲ."

ಮೇಸ್ತ್ರಿ ಬೆರಳು ಮಡಚಿ ಲೆಕ್ಕ ಹಾಕಿದ. ಸರಿಯಾಗಿಯೇ ಇತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಆದರೂ ಮರುದಿನವೇ ಕಾಂಕ್ರೀಟ್ ಬಿತ್ತು. ಆಮೇಲೆ ಟೈಲ್ಸ್ ಕೂತವು. ನೆಲ ಏರಿದ್ದರಿಂದ ತೆರೆಯಲು ಬಾರದಾದ ಹಿತ್ತಲ ಬಾಗಿಲ ಅಡಿಯನ್ನು ಬಡಗಿ ಕತ್ತರಿಸಿಕೊಟ್ಟ. ಒಂಬತ್ತನೆಯ ದಿನ ಸರ್ವೇಯರ್ ಮತ್ತೆ ಅಳೆದಳು. ಇಪ್ಪತ್ತೈದು. ವಾರದೊಳಗೆ ಪಾಲಿಸಿ ಕೈಸೇರುತ್ತದೆ ಎಂದು ಹೇಳಿ, ಸಹಿ ಹಾಕಿಸಿಕೊಂಡು ಹೊರಟಳು.

ತಂಗಿ ಒಲೆಯ ಕಟ್ಟೆಯ ಮೇಲೆ ಅಂಗೈ ಊರಿ ನಿಂತಳು. "ಅಣ್ಣ, ಈ ಕಟ್ಟೆನ ನೀನು ನಿನ್ನ ಎತ್ತರಕ್ಕೆ ಕಟ್ಟಿದ್ದೆ. ಈಗ ನೆಲ ಏರಿ ನನಗೆ ಸರಿಹೋಯ್ತು ನೋಡು."

"ಮೊದಲೇ ಹೇಳೋಕೇನಾಗಿತ್ತು?"

"ಅಳತೆ ತಗೊಳ್ಳೋರು ಕೇಳ್ಬೇಕಪ್ಪ. ಊರವರ ಅಂಗಿನೆಲ್ಲ ನಾನು ನನ್ನ ಮೈಗೆ ಹೊಲೀತೀನಾ?"

ಮೇಸ್ತ್ರಿ ಅಂಗಳಕ್ಕೆ ಹೋಗಿ ತನ್ನ ಆಳಿಗೆ ಫೋನ್ ಮಾಡಿದ. "ಸೇತುವೆ ಪಕ್ಕ ಕಟ್ತಿರೋ ಮನೇಲಿ ಅಡುಗೆಮನೆ ನೆಲ ಇನ್ನೂ ಹಾಕಿಲ್ಲ ತಾನೇ? ಮುಟ್ಟಬೇಡ, ಬಂದೆ. ಮನೆಯವರಿಗೂ ಇರೋಕೆ ಹೇಳು."