ಅಪ್ಪ ಬಿಗಿದ ನಟ್ಟು

ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ, ಒಲೆಯ ಮೇಲೆ ಹುರುಳಿ ಬೇಯಲಿಟ್ಟು, ಜಾವಗಲ್ಲಿನ ಮನೆಯಂಗಳದಲ್ಲಿ ಪ್ರತಿಮಾ ಕಾರಿನ ಚಕ್ರ ಉಜ್ಜುತ್ತಿದ್ದಳು. ತೆಂಗಿನ ನಾರು ಹೋಗದ ಸಂದಿಗೆ ಬೆರಳು ತೂರಿಸಿ ಮಣ್ಣು ತೆಗೆಯುತ್ತಿದ್ದಳು. ಚಕ್ರ ಬಿಚ್ಚಿದರೆ ಕೆಲಸ ಸುಲಭ. ಆದರೆ ಬಿಚ್ಚುವಂತಿಲ್ಲ.

ಹಾಗೆಂದು ಯಾರೂ ಹೇಳಿರಲಿಲ್ಲ, ಅದು ಅವಳೇ ಇಟ್ಟುಕೊಂಡ ನೇಮ. ನಾಲ್ಕು ವರ್ಷದ ಹಿಂದೆ, ತೀರಿಕೊಳ್ಳುವುದಕ್ಕೆ ಒಂದು ತಿಂಗಳ ಮುಂಚೆ, ಅವಳ ಅಪ್ಪ ಗಂಗಯ್ಯ ಈ ನಟ್ಟುಗಳನ್ನು ಕೈಯಾರೆ ಬಿಗಿದಿದ್ದರು. ಆಮೇಲೆ ಅವಕ್ಕೆ ಬೇರೆಯವರ ಸ್ಪ್ಯಾನರ್ ತಾಗಿಲ್ಲ. ಒಮ್ಮೆ ಪಂಕ್ಚರ್ ಆದಾಗಲೂ ಚಕ್ರ ಬಿಚ್ಚದೆ ಇದ್ದಲ್ಲೇ ಪ್ಯಾಚ್ ಹಾಕಿಸಿದ್ದಳು.

ಗಂಗಯ್ಯ ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲಿಳಿದವರನ್ನು ಬೇಲೂರು, ಹಳೇಬೀಡು ತೋರಿಸಿ ಕರೆತರುತ್ತಿದ್ದ ಟ್ಯಾಕ್ಸಿ ಡ್ರೈವರ್. ಆಯುಧಪೂಜೆಗೆ ಮನೆಯಲ್ಲಿರುತ್ತಿದ್ದರು. ಹಿಂದಿನ ದಿನವೇ ನಾಲ್ಕೂ ಚಕ್ರ ಬಿಚ್ಚಿ ಅಂಗಳದಲ್ಲಿ ಮಲಗಿಸಿ ತೊಳೆಯುವರು. ಒಣಗಿದ ಮೇಲೆ ಮುಂದಿನವು ಹಿಂದಕ್ಕೆ, ಹಿಂದಿನವು ಮುಂದಕ್ಕೆ. ಲಂಗ ಎತ್ತಿ ಸಿಕ್ಕಿಸಿಕೊಂಡು ಚಕ್ರ ಉರುಳಿಸಿಕೊಂಡು ಹೋಗುವುದು ಪುಟ್ಟ ಪ್ರತಿಮಾಳ ಪಾಲು. ಚೆಂಡುಹೂವಿನ ಹಾಗೆ, ಬೂದುಗುಂಬಳದ ಹಾಗೆ, ಚಕ್ರಗಳು ಜಾಗ ಬದಲಿಸುವುದೂ ಪೂಜೆಯದೇ ಒಂದು ಶಾಸ್ತ್ರ ಎಂದುಕೊಂಡಿದ್ದಳು. ಅಪ್ಪನಿಲ್ಲದ ಮೇಲೆ ಉಳಿದ ಶಾಸ್ತ್ರಗಳನ್ನೆಲ್ಲ ನಡೆಸಿ, ಅದೊಂದನ್ನು ಮಾತ್ರ ಬಿಟ್ಟಿದ್ದಳು.

ಮಗಳು ಹೇಮಾಶ್ರೀ ಕಾಫಿ ಲೋಟ ಹಿಡಿದು ಜಗಲಿಗೆ ಬಂದಳು. ಬೇಲೂರಿನ ಶಾಲೆಯೊಂದರಲ್ಲಿ ಗಣಿತ ಕಲಿಸುವ ಕೆಲಸ. ಜೂನ್‌ನಿಂದ ದಿನವೂ ತಾತನ ಕಾರಿನಲ್ಲೇ ಓಡಾಟ.

"ಅಮ್ಮ, ಬೈಬೇಡ. ರಜೆ ಮುಗಿದ್ಮೇಲೆ ನಾನು ಬಸ್ಸಲ್ಲೇ ಹೋಗ್ತೀನಿ."

"ಯಾಕೇ?"

"ಹೋದ ವಾರ ಮಳೇಲಿ, ಹಳೇಬೀಡು ಇನ್ನೇನು ಬಂತು ಅನ್ನೋ ತಿರುವಲ್ಲಿ ಬ್ರೇಕ್ ಹಾಕಿದೆ. ಗಾಡಿ ತಿರುಗ್ಲೇ ಇಲ್ಲಮ್ಮ. ಸೀದಾ ಜಾರ್ಕೊಂಡು ರಾಗಿ ಹೊಲದ ಅಂಚಿಗೆ ಹೋಗಿ ನಿಂತ್ಕೊಳ್ತು."

ಪ್ರತಿಮಾಳ ಕೈಯಿಂದ ನಾರು ಬಕೆಟ್ಟಿಗೆ ಬಿತ್ತು. ಒಂದು ವಾರ ಈ ಹುಡುಗಿ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಊಟ ಮಾಡಿದ್ದಾಳಲ್ಲ! ಪ್ರತಿಮಾ ಒಳಗೆ ಹೋಗಿ ಒಲೆ ಆರಿಸಿ, ಬಸ್‌ಸ್ಟ್ಯಾಂಡ್ ಹತ್ತಿರ ಟೈರ್ ಅಂಗಡಿ ಇಟ್ಟಿರುವ ತಮ್ಮಯ್ಯನಿಗೆ ಫೋನ್ ಮಾಡಿದಳು. ಒಂದು ಕಾಲಕ್ಕೆ ಅವನೂ ಅಪ್ಪನ ಜೊತೆ ಟ್ಯಾಕ್ಸಿ ಓಡಿಸಿದವನು.

ತಮ್ಮಯ್ಯ ಬಂದವನೇ ಕುಕ್ಕರುಗಾಲಲ್ಲಿ ಕೂತು ಮುಂದಿನ ಟೈರನ್ನು ಸವರಿದ. ಹಿಂದಿನದನ್ನು ಸವರಿದ.

"ಅಕ್ಕ, ಇಲ್ಲಿ ಕೈಯಿಡಿ. ಮುಂದಿನವು ಬೋಳಾಗ್ತಾ ಬಂದವೆ. ಹಿಂದಿನವು ಮದುವಣಗಿತ್ತಿ ಇದ್ದಂಗವೆ. ಎಷ್ಟು ದಿನ ಆತು ಜಾಗ ಬದ್ಲಾಯ್ಸಿ?"

"ಬದಲಾಯಿಸಿಲ್ಲ."

"ಅದೇ ಮತ್ತೆ! ಈ ಗಾಡೀಲಿ ಎಳೆಯೋದೂ ಮುಂದಿನವೇ, ತಿರುಗೋದೂ ಮುಂದಿನವೇ, ಬ್ರೇಕ್ ಹಾಕಿದ್ರೆ ಭಾರ ಹೊರೋದೂ ಅವೇ. ಹಿಂದಿನವು ಸುಮ್ನೆ ಹಿಂದೆ ಬತ್ತವೆ. ಒಬ್ಬ ಸೊಸೆ ಕೈಲೇ ಮನೆಗೆಲಸ ಎಲ್ಲಾ ಮಾಡ್ಸಿದಂಗಾತು. ಎಂಟತ್ತು ಸಾವಿರ ಕಿಲೋಮೀಟರಿಗೆ ಒಂದ್ಸಲ ಜಾಗ ಬದ್ಲಾಯ್ಸಿದ್ರೆ ನಾಲ್ಕೂ ಸಮವಾಗಿ ಸವೀತವೆ. ಪುಣ್ಯಕ್ಕೆ ಇವು ಎಸೆಯೋ ಹಂತಕ್ಕೆ ಬಂದಿಲ್ಲ. ಬಿಚ್ಲಾ?"

ಪ್ರತಿಮಾ ಸೆರಗಿನಲ್ಲಿ ಕೈ ಒರೆಸಿದಳು, ಮತ್ತೆ ಒರೆಸಿದಳು.

"ಅದು ತಾತ ಬಿಗಿದಿದ್ದು ಅಂತ ಅಮ್ಮ ಯಾರ್ಗೂ ಮುಟ್ಟಕ್ಕೆ ಬಿಡಲ್ಲ," ಎಂದಳು ಹೇಮಾಶ್ರೀ, ಮೆಲ್ಲಗೆ.

"ಅಪ್ಪ ಹಬ್ಬಕ್ಕಂತ ಮಾಡ್ತಿದ್ದ ಕೆಲಸ ತಮ್ಮಯ್ಯ," ಎಂದಳು ಪ್ರತಿಮಾ. "ಅವರದ್ದು ಅಂತ ಇಷ್ಟಾದರೂ ಹಾಗೇ ಇರಲಿ ಅಂತ…"

"ಹಬ್ಬಕ್ಕಾ? ಯಾರು ಹೇಳಿದ್ರಕ್ಕ ನಿಮಗೆ!" ತಮ್ಮಯ್ಯ ಜೋರಾಗಿ ನಕ್ಕ. "ಗಂಗಣ್ಣ ವರ್ಷಕ್ಕೆ ನಾಕೈದು ಸಲ ಬಿಚ್ಚೋರು. ರೈಲು ಲೇಟು ಅಂತ ಗೊತ್ತಾದ್ರೆ ಸಾಕು, ಸ್ಟೇಷನ್ ಮುಂದೇನೇ ಜಾಕಿ ಹಾಕೋರು. 'ಏನ್ಲಾ ತಮ್ಮಯ್ಯ, ಸುಮ್ನೆ ಕೂತ್ರೆ ಬೀಡಿ ಸೇದ್ತೀಯ, ಬಾ ಇಲ್ಲಿ' ಅನ್ನೋರು. ಮನೇಲಿ ನೀವು ನೋಡಿದ್ದು ಹಬ್ಬದ ದಿನ ಮಾತ್ರ."

ಪ್ರತಿಮಾ ಎಂದೂ ಕಾಣದ ಅಪ್ಪ ಅವಳ ಕಣ್ಣ ಮುಂದೆ ಬಂದರು. ಬಿಸಿಲಲ್ಲಿ, ಖಾಕಿ ಅಂಗಿಯ ತೋಳು ಮಡಚಿ, ಬರದ ರೈಲಿಗೆ ಕಾಯುತ್ತ, ತಾವೇ ಬಿಗಿದ ನಟ್ಟನ್ನು ತಾವೇ ಸಡಿಲಿಸುತ್ತಿದ್ದ ಅಪ್ಪ. ಹತ್ತುವವರು ಯಾರೆಂದೇ ಅವರಿಗೆ ಗೊತ್ತಿರುತ್ತಿರಲಿಲ್ಲ. ಅಂಥವರಿಗಾಗಿ ಅಷ್ಟು ಮಾಡಿದವರು, ಮೊಮ್ಮಗಳು ಕೂರುವ ಗಾಡಿಯ ಚಕ್ರ ಹೀಗೆ ಬಿಡುತ್ತಿದ್ದರೇ?

"ಸ್ಪ್ಯಾನರ್ ಕೊಡಿ ಇಲ್ಲಿ," ಎಂದಳು.

ಮೊದಲ ನಟ್ಟು ಜಪ್ಪಯ್ಯ ಎನ್ನಲಿಲ್ಲ. ತುಕ್ಕು ಹಿಡಿದಿತ್ತು. ತಮ್ಮಯ್ಯ ಎಣ್ಣೆ ಬಿಟ್ಟು, "ಬಿಡಿ ಅಕ್ಕ, ನಾನ್ ನೋಡ್ತೀನಿ" ಎಂದ. ಅವಳು ಬಿಡಲಿಲ್ಲ. ಸೀರೆ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಸ್ಪ್ಯಾನರಿನ ಹಿಡಿಯ ಮೇಲೆ ಒಂದು ಕಾಲಿಟ್ಟು, ಮಗಳ ಭುಜ ಹಿಡಿದು ಮೈಭಾರವನ್ನೆಲ್ಲ ಬಿಟ್ಟಳು. ಕಿರ್ರೆಂದು ನಟ್ಟು ಸಡಿಲವಾಯಿತು. ಒಂದು ಗಳಿಗೆ ಎದೆ ಬರಿದಾದಂತಾಯಿತು, ಅಷ್ಟೇ. ಎರಡನೆಯದು ಅಷ್ಟು ಕಷ್ಟವಾಗಲಿಲ್ಲ.

ಮುಂದಿನವು ನೇರ ಹಿಂದಕ್ಕೆ ಹೋದವು. ಹಿಂದಿನವು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಅಡ್ಡಹಾಯ್ದು ಮುಂದೆ ಬಂದವು. ಕೊನೆಗೆ ಬಿಗಿಯುವ ಹೊತ್ತಿಗೆ ಪ್ರತಿಮಾ ಸ್ಪ್ಯಾನರನ್ನು ಮಗಳ ಕೈಗಿತ್ತಳು.

"ಒಂದು ನಟ್ಟಾದ್ಮೇಲೆ ಅದರ ಎದುರಿಂದು ಬಿಗಿ, ಪಕ್ಕದ್ದಲ್ಲ ಕಣೇ. ಇನ್ನು ಮೇಲೆ ನೀನೇ ಮಾಡ್ಕೋ. ಹಬ್ಬಕ್ಕೆ ಅಂತ ಕಾಯ್ತಾ ಕೂರಬೇಡ."

ಹೇಮಾಶ್ರೀ ಮಂಡಿಯೂರಿ ಬಿಗಿಯತೊಡಗಿದಳು. ಪ್ರತಿಮಾ ಒಲೆ ಹಚ್ಚಲು ಒಳಗೆ ಹೋದಳು.